ಎರಡು ರುಜುಗಳ ಮನೆ

ಗುರುವಾರ, ಹದಿನಾಲ್ಕನೇ ತಾರೀಖು

ಲಿಫ್ಟಿನವರಿಗೆ,

ನಮಸ್ಕಾರ. ಮೇಲೆ ‘ಪ್ರೀತಿಯ’ ಎಂದು ಬರೆದು ನೋಡಿದೆ. ಬೇರೆ ಯಾರದೋ ಚಪ್ಪಲಿ ಮೆಟ್ಟಿಕೊಂಡ ಹಾಗಾಯಿತು. ಹೊಡೆದು ಹಾಕಿದರೆ ಇನ್ನೂ ಕೆಟ್ಟದಾಗಿ ಕಂಡಿತು. ಅದಕ್ಕೆ ಹಾಳೆಯನ್ನೇ ಬದಲಿಸಿ, ಲಿಫ್ಟು ರಿಪೇರಿಯ ನಿಮ್ಮನ್ನು ಇಡೀ ಕಟ್ಟಡ ಕರೆಯುತ್ತಿದ್ದ ಹೆಸರನ್ನೇ ಬರೆದಿದ್ದೇನೆ. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲ ಎಂದು ತಿಳಿದ ಮೇಲೆ ಇದನ್ನು ಬರೆಯಲು ಕೂತಿದ್ದೇನೆ.

ನಿಮ್ಮ ವಿಳಾಸ ನನಗೆ ಯಾರೂ ಕೊಟ್ಟಿದ್ದಲ್ಲ. ವಸತಿ ಮಂಡಳಿಯ ಅಧಿಕಾರಿಯ ಮೇಜಿನ ಮೇಲೆ ನಿಮ್ಮ ಕಾಗದ ಅವರ ಕಡೆಗೆ ತಿರುಗಿಕೊಂಡಿತ್ತು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ದಿನಕ್ಕೆ ನಾನೂರು ಹೊದಿಕೆಗಳ ಮೇಲಿನ ವಾರ್ಡು ನಂಬರನ್ನು ತಲೆಕೆಳಗಾಗಿ ಓದುವವಳಿಗೆ ಒಂದು ವಿಳಾಸ ಏನು ದೊಡ್ಡದು? ಮನೆಯಿಲ್ಲದವರ ತಂಗುದಾಣದ ಹೆಸರು, ಬೀದಿ, ಮಂಚದ ನಂಬರು ಸಮೇತ ಓದಿಕೊಂಡೆ. ಇಪ್ಪತ್ತೆರಡನೇ ಮಂಚ. ಮನೆಯ ನಂಬರು ಬರೆಯಬೇಕಾದ ಜಾಗದಲ್ಲಿ ಮಂಚದ ನಂಬರು ಬರೆದಿದ್ದೀರಿ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೋದ ತಿಂಗಳು ಮಂಡಳಿಯಿಂದ ಒಂದು ನೋಟಿಸು ಬಂತು. ‘ಇಬ್ಬರ ಹೆಸರಿನಲ್ಲಿರುವ ಈ ಬಾಡಿಗೆ ಹಕ್ಕನ್ನು ಒಬ್ಬರು ಬರವಣಿಗೆಯಲ್ಲಿ ಬಿಟ್ಟುಕೊಟ್ಟಿರುವುದರಿಂದ, ನಾಲ್ಕು ವಾರಗಳಲ್ಲಿ ಹಕ್ಕು ಪೂರ್ತಿಯಾಗಿ ಮುಗಿಯುತ್ತದೆ.’ ಮೂರು ಸಲ ಓದಿದೆ. ಬಿಟ್ಟುಕೊಟ್ಟವರು ನೀವು, ಮುಗಿಯುವುದು ನನ್ನದು! ಕೌಂಟರಿನ ಗುಮಾಸ್ತನನ್ನು ಕೇಳಿದರೆ, “ಜೋಡಿ ಹೆಸ್ರಿನ ಮನೆ ಅಂದ್ರೆ ಜೋಡೆತ್ತಿನ ಗಾಡಿ ಇದ್ದಂಗಮ್ಮ. ಒಂದೆತ್ತು ನೊಗ ಕಳಚ್ಕೊಂಡ್ರೆ ಗಾಡಿ ನಿಂತಂಗೇನೇ” ಎಂದ. ಉಳಿದ ಎತ್ತು ಎಲ್ಲಿಗೆ ಹೋಗಬೇಕಪ್ಪ ಎಂದು ಕೇಳಿದೆ. ಅದು ಅವನ ಕೌಂಟರಿಗೆ ಬರುವುದಿಲ್ಲವಂತೆ.

ಅವತ್ತು ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಬೈಯಲು ಮನೆಯಲ್ಲಿ ಬೇರೆ ಯಾರೂ ಇಲ್ಲವಾದ್ದರಿಂದ ಒಲೆಯ ಮುಂದೆ ನಿಂತು, ಪಾತ್ರೆಗಳಿಗೆ ಕೇಳಿಸುವಂತೆ ಬೈದೆ. ಹತ್ತೊಂಬತ್ತು ವರ್ಷ! ಈ ಮನೆಯ ಪತ್ರ ಕೈಗೆ ಬಂದ ದಿನ ಅತ್ತೆ ಗೋಡೆಯನ್ನು ಅಂಗೈಯಿಂದ ಸವರಿ, “ಇನ್ಮೇಲೆ ಯಾರೂ ನಮ್ಮನ್ನ ಎದ್ದೇಳು ಅನ್ನಂಗಿಲ್ಲ ಕಣೇ” ಎಂದಿದ್ದರು. ಅದಕ್ಕೆ ಮುಂಚೆ ನಾವು ನಾಲ್ಕು ವರ್ಷದಲ್ಲಿ ಐದು ಮನೆ ಬದಲಿಸಿದ್ದೆವು, ನೆನಪಿದೆಯಾ? ಮಾಲೀಕರಿಗೆ ಮಗಳ ಮದುವೆಯಾದರೆ ನಾವು ಎದ್ದೇಳಬೇಕು, ಮಗ ಊರಿಗೆ ಬಂದರೆ ನಾವು ಎದ್ದೇಳಬೇಕು. ಅತ್ತೆಯ ದೊಡ್ಡ ಪೆಟ್ಟಿಗೆಯನ್ನು ಆ ನಾಲ್ಕು ವರ್ಷ ಪೂರ್ತಿ ಬಿಚ್ಚಿರಲೇ ಇಲ್ಲ. ಈ ಮನೆಗೆ ಬಂದ ಮೇಲೆಯೇ ಬಿಚ್ಚಿದ್ದು.

ಆ ಹಕ್ಕನ್ನು ಉಳಿಸಿಕೊಳ್ಳಲು ನಾನೇನು ಮಾಡಿದೆ ಎಂಬುದು ನಿಮಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಮಂಡಳಿಯ ತಪಾಸಣೆಯವರು ಬರುತ್ತಾರೆ. ಬರುವ ಹಿಂದಿನ ದಿನ ನಿಮ್ಮ ಬೂದು ಬಣ್ಣದ ಅಂಗಿ ಒಗೆದು ಹೊರಗೆ ಒಣಗಲು ಹಾಕುತ್ತಿದ್ದೆ. ಯಾರೂ ತೊಡದ ಅಂಗಿಯನ್ನು ಒಗೆಯುವುದು ಬಹಳ ಕಷ್ಟ, ಕೊಳೆಯೇ ಇರುವುದಿಲ್ಲ, ಆದರೂ ಉಜ್ಜಬೇಕು. “ಯಜಮಾನ್ರು ಎಲ್ಲಿ?” ಎಂದರೆ, “ಕೆಲಸದ ಮೇಲೆ ಹೊರಗಡೆ ಹೋಗಿದಾರೆ” ಎನ್ನುತ್ತಿದ್ದೆ. ಮೂರು ವರ್ಷದ ಕೆಳಗೆ ಮಂಡಳಿ ಹಳೇ ಪತ್ರಗಳನ್ನೆಲ್ಲ ಹೊಸದು ಮಾಡಿತು. ಇಬ್ಬರೂ ರುಜು ಹಾಕಬೇಕಿತ್ತು. ಬಟ್ಟೆ ವಿಭಾಗದ ಚೀಟಿಗಳ ಬೆನ್ನಿಗೆ ವಾರವಿಡೀ ನಿಮ್ಮ ರುಜು ತಿದ್ದಿದೆ. ಕೊನೆಯ ಅಕ್ಷರದ ಬಾಲವನ್ನು ನೀವು ಸ್ಕ್ರೂ ಬಿಗಿದಂತೆ ತಿರುಗಿಸುತ್ತಿದ್ದಿರಿ, ಅದೊಂದು ಬೇಗ ಬರಲಿಲ್ಲ. ಬಂದ ಮೇಲೆ ಹಾಕಿಬಿಟ್ಟೆ. ಯಾರೂ ಕೇಳಲಿಲ್ಲ.

ನೋಟಿಸು ಬಂದ ಮೇಲೆ ವಿಚಾರಣೆಗೆ ಅರ್ಜಿ ಕೊಟ್ಟೆ. ಎದುರು ಮನೆಯ ಟೈಲರಕ್ಕ ಬರೆದುಕೊಟ್ಟಳು, ಜೊತೆಗೂ ಬಂದಳು. ಅಧಿಕಾರಿ ನನ್ನ ವಯಸ್ಸಿನ ಹೆಂಗಸೇ, ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದರು. ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಒಂದು ಮೂರು ವರ್ಷದ ಹಿಂದಿನ ಪತ್ರ, ಇನ್ನೊಂದು ನೀವು ಕಳಿಸಿದ್ದು.

“ನೋಡಿಮ್ಮಾ, ಇವೆರಡೂ ಒಂದೇ ಕೈದಲ್ಲ ಅನ್ಸುತ್ತೆ ನಂಗೆ. ಈ ಬಿಟ್ಟುಕೊಡೋ ಪತ್ರಕ್ಕೆ ಯಾರೋ ನಿಮ್ಮ ಯಜಮಾನ್ರ ಕಳ್ಳ ರುಜು ಹಾಕಿ ಕಳ್ಸಿರಬೇಕು. ಹಾಗಿದ್ರೆ ಇದನ್ನ ಕಸದ ಬುಟ್ಟಿಗೆ ಹಾಕ್ತೀನಿ, ನಿಮ್ಮ ಮನೆ ನಿಮಗೇ ಇರತ್ತೆ. ಇದು ಅವರ ರುಜು ಅಲ್ಲ ಅಂತ ಒಂದ್ ಮಾತು ಹೇಳಿ ಸಾಕು” ಎಂದರು.

ಟೈಲರಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ, ಹಾಗಿತ್ತು. ಆಗ ನಿಮ್ಮ ರುಜುವನ್ನು ಸರಿಯಾಗಿ ನೋಡಿದೆ. ನಿಮ್ಮದೇ. ಆದರೆ ಗೆರೆ ಎಲ್ಲೂ ನೆಟ್ಟಗಿಲ್ಲ. ಇರುವೆ ಮಸಿಯಲ್ಲಿ ಬಿದ್ದು ಎದ್ದು ನಡೆದಂತಿತ್ತು. ಕೊನೆಯ ಬಾಲ ತಿರುಗಲು ಹೋಗಿ ಅರ್ಧಕ್ಕೇ ನಿಂತಿತ್ತು. ಅಕ್ಕಿಕಾಳಿನಷ್ಟಿರುವ ಸ್ಕ್ರೂವನ್ನು ಕಣ್ಣು ಮುಚ್ಚಿ ಕೂರಿಸುತ್ತಿದ್ದ ಕೈ ಅದು.

ವಿಳಾಸ ಬಿಟ್ಟು ಉಳಿದದ್ದು ನನಗೆ ಓದಲಾಗಲಿಲ್ಲ, ಏನು ಬರೆದಿದ್ದಾರೆ ಎಂದು ಕೇಳಿದೆ. ಓದಿ ಹೇಳಿದರು. ಕೈಯ ನರ ಸೋತಿದೆ, ಕೆಲಸ ಹೋಗಿದೆ, ತಂಗುದಾಣದಲ್ಲಿದ್ದೇನೆ, ಇಲ್ಲಿನ ಮಂಡಳಿಯಲ್ಲಿ ಒಂದು ಕೋಣೆಗೆ ಅರ್ಜಿ ಹಾಕಿದ್ದೇನೆ, ಆ ಊರಿನ ಮನೆಯಲ್ಲಿ ನನ್ನ ಹೆಸರು ಇರುವವರೆಗೂ ಇಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲವಂತೆ, ಆದ್ದರಿಂದ ನನ್ನ ಹೆಸರು ತೆಗೆಯಿರಿ. ಕೊನೆಗೆ ಒಂದು ಸಾಲು: ‘ಮನೆ ಆಕೆಯ ಹೆಸರಿನಲ್ಲಿಯೇ ಮುಂದುವರಿಯಲಿ.’

ನಿಮಗೆ ಜೋಡೆತ್ತಿನ ಕಾನೂನು ಗೊತ್ತಿರಲಿಲ್ಲ. ನನಗೆ ಒಳ್ಳೆಯದಾಗಲಿ ಎಂದೇ ಬರೆದಿದ್ದಿರಿ. ಪಾತ್ರೆಗಳ ಮುಂದೆ ಬೈದದ್ದೆಲ್ಲ ನನ್ನ ಕಿವಿಗೇ ವಾಪಸ್ಸು ಬಂತು.

“ಅದು ಅವರದೇ ರುಜು, ಮೇಡಂ. ಈ ಹಳೇದಿದೆಯಲ್ಲ, ಅದು ನನ್ನದು. ಅವರದ್ದನ್ನ ನಾನೇ ಹಾಕಿದ್ದು. ಆರು ವರ್ಷದಿಂದ ಅವರು ಮನೇಲಿಲ್ಲ” ಎಂದೆ. ಟೈಲರಕ್ಕ ಕಾಲು ತೆಗೆದಳು. ಅಧಿಕಾರಿ ಎರಡೂ ಕಾಗದಗಳನ್ನು ಕಡತಕ್ಕೆ ಸೇರಿಸಿದರು. ಆಮೇಲೆ, “ಸುಳ್ಳು ಹೇಳಿದ್ರೆ ಗೆದ್ದು ಮನೆಗೆ ಹೋಗ್ತಿದ್ರಿ. ನಿಜ ಹೇಳಿ ನನಗೆ ಕೆಲ್ಸ ಹೆಚ್ಚು ಮಾಡಿದ್ರಲ್ಲ” ಎಂದು ಮತ್ತೆ ಮೂಗು ಒರೆಸಿಕೊಂಡರು.

ಹನ್ನೆರಡು ದಿನ ಕಾಯಿಸಿದರು. ಆ ಹನ್ನೆರಡು ದಿನ ಹೇಗೆ ಕಳೆದೆ ಎಂದು ಬರೆಯಲು ಏನೂ ಇಲ್ಲ. ಬೆಳಿಗ್ಗೆ ಹೊದಿಕೆಗಳು, ಸಂಜೆ ಈ ಎರಡು ಕೋಣೆ. ನಿಂತುಕೊಂಡೇ ಉಣ್ಣುವ ಅಭ್ಯಾಸ ಯಾವಾಗಿನಿಂದ ಆಯಿತೋ ಗೊತ್ತಿಲ್ಲ, ಕೂತು ಉಂಡರೆ ಎದುರಿನ ಕುರ್ಚಿ ಕಾಣುತ್ತದೆ. ಒಂದು ಸಂಜೆ ಮನೆ ಖಾಲಿ ಮಾಡುವುದಾದರೆ ಏನೇನು ತೆಗೆದುಕೊಂಡು ಹೋಗಬೇಕು ಎಂದು ನೋಡುತ್ತ ಹೋದೆ. ಅತ್ತೆಯ ಪೆಟ್ಟಿಗೆ, ಎರಡು ಪಾತ್ರೆ, ರೇಡಿಯೋ. ಹತ್ತು ನಿಮಿಷಕ್ಕೆ ಮುಗಿಯಿತು. ಇಷ್ಟೇನಾ ಎನಿಸಿತು. ಇಷ್ಟಕ್ಕಾಗಿ ನಾನು ಇಷ್ಟು ವರ್ಷ ಹೆದರಿದ್ದೆನೇ? ಆದರೆ ಕಿಟಕಿಯ ಹತ್ತಿರ ಹೋದಾಗ, ನೀವು ಅದರ ಕೀಲು ಸರಿಮಾಡಿದ ಜಾಗ, ಅತ್ತೆ ಒರಗಿ ಒರಗಿ ನುಣುಪಾದ ಗೋಡೆ ಕಂಡವು. ಅವನ್ನು ಕಟ್ಟಿಕೊಂಡು ಹೋಗುವ ಚೀಲ ನನ್ನ ಹತ್ತಿರ ಇರಲಿಲ್ಲ.

ನಿಮಗೆ ನಗು ಬರಬಹುದು: ಕಟ್ಟಡದ ಲಿಫ್ಟು ಕೆಟ್ಟು ಎರಡು ವರ್ಷವಾಯಿತು. ಲಿಫ್ಟಿನವರ ಮನೆಗೆ ಮೆಟ್ಟಿಲೇ ಗತಿ ಎಂದು ಟೈಲರಕ್ಕ ದಿನಾ ಅನ್ನುತ್ತಾಳೆ.

ಕೊನೆಗೆ ತೀರ್ಮಾನ ಬಂತು. ನಮ್ಮಿಬ್ಬರ ಹಳೇ ಹಕ್ಕು ಮುಗಿಯಿತು. ಕಳ್ಳ ರುಜುವಿನ ವಿಷಯ ಕಡತದಲ್ಲಿ ಬರೆದಿಟ್ಟಿದ್ದಾರೆ. ಆದರೂ ಅತ್ತೆಯನ್ನು ಕೊನೆತನಕ ನೋಡಿಕೊಂಡವಳು, ತಾನಾಗಿಯೇ ನಿಜ ಹೇಳಿದವಳು ಎಂದು ಇದೇ ಮನೆಯನ್ನು ನನ್ನೊಬ್ಬಳ ಹೆಸರಿಗೆ ಕೊಟ್ಟಿದ್ದಾರೆ. ಕಾಯಂ ಅಲ್ಲ. ಒಂದು ವರ್ಷ ಪರೀಕ್ಷೆಯ ಮೇಲೆ. ಆ ವರ್ಷದೊಳಗೆ ನಾನು ಹೇಳಿದ್ದರಲ್ಲಿ ಇನ್ನೊಂದು ಸುಳ್ಳು ಸಿಕ್ಕಿದರೆ ವಿಚಾರಣೆಯೂ ಇಲ್ಲ, ಏನೂ ಇಲ್ಲ, ಎದ್ದೇಳುವುದೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ, ನನಗೆ ಒಂದು ವರ್ಷದ ಆಯಸ್ಸು ಸಿಕ್ಕಿತು.

ಹೊಸ ಪತ್ರಕ್ಕೆ ರುಜು ಹಾಕಿಸುವಾಗ ಅಧಿಕಾರಿ ಇನ್ನೊಂದು ಹಾಳೆ ತೆಗೆದರು. ಅದು ನಿಮ್ಮ ಊರಿನ ಮಂಡಳಿಗೆ ಹೋಗುವುದಂತೆ. “ಅವರಾಗಿಯೇ ಮನೆ ಬಿಟ್ಟು ಹೋದದ್ದು, ಅಲ್ವಾ?” ಎಂದು ಕೇಳಿದರು. “ಹೌದು” ಎಂದೆ. ಟೈಲರಕ್ಕನೂ ಹೌದು ಎಂದಳು, ಅವಳಿಗೆ ಗೊತ್ತಿರುವುದು ಅಷ್ಟೇ. ಬರೆದುಕೊಂಡು, ನನ್ನಿಂದ ರುಜು ಹಾಕಿಸಿಕೊಂಡ ಮೇಲೆ, ಸುಮ್ಮನೆ ಮಾತಿಗೆಂಬಂತೆ ಹೇಳಿದರು: “ಪಾಪ, ಹಾಗಾದ್ರೆ ಅವರು ಸಾಲಿನ ಕೊನೆಗೆ ಹೋಗ್ತಾರೆ. ತಾವಾಗೇ ಮನೆ ಬಿಟ್ಟವರಿಗೆ ಆರೇಳು ವರ್ಷ ಆಗತ್ತೆ. ಹೊರಗೆ ಹಾಕ್ಸಿಕೊಂಡವರಿಗಾದ್ರೆ ಮೊದಲು.”

ನಾನು ಪೆನ್ನನ್ನು ಮೇಜಿನ ಮೇಲಿಟ್ಟು, ಪತ್ರ ಮಡಚಿಕೊಂಡು ಎದ್ದು ಬಂದೆ.

ಅತ್ತೆ ಹೋದಾಗಿನ ವಿಷಯವನ್ನು ನಾನಿಲ್ಲಿ ಬರೆಯಬಾರದು ಎಂದುಕೊಂಡೇ ಕೂತಿದ್ದೇನೆ. ಎರಡು ವರ್ಷ ನೀವು ಆ ಊರಿನ ಲಿಫ್ಟುಗಳನ್ನು ನೋಡಿಕೊಂಡಿರಿ, ನಾನು ಇಲ್ಲಿ ಅವರ ಹಾಸಿಗೆ ಬದಲಿಸಿಕೊಂಡಿದ್ದೆ. ಕೊನೆಯ ವಾರ ಮೂರು ಸಲ ಹೇಳಿ ಕಳಿಸಿದೆ. “ಅವ್ನು ಬಂದ್ನಾ?” ಎಂದು ಅವರು ಕೇಳಿದಾಗಲೆಲ್ಲ ‘ದಾರಿಯಲ್ಲಿದ್ದಾರೆ’ ಎಂದು ಹೇಳಿದವಳು ನಾನು. ಆ ಕೋಪ ಸುಳ್ಳಲ್ಲ. ಅದು ಎಷ್ಟು ದೊಡ್ಡದಿತ್ತು ಎಂದು ನಿಮಗೆ ಗೊತ್ತಾಗಲಿ ಎಂದಷ್ಟೇ ಬರೆದೆ.

ಕೈಗೆ ಬೆಚ್ಚಗಿನ ನೀರಿನ ಶಾಖ ಕೊಟ್ಟುಕೊಳ್ಳಿ. ಆಸ್ಪತ್ರೆಯ ದಾದಿಯನ್ನು ಕೇಳಿದೆ, ನರಕ್ಕೆ ಗುಣವಿಲ್ಲ, ನೋವಿಗೆ ಮಾತ್ರ ಎಂದಳು. ನೋವಿಗಾದರೂ ಆಗಲಿ. ನಿಮ್ಮ ಬೂದು ಅಂಗಿಯನ್ನು ಇದರ ಜೊತೆ ಪಾರ್ಸೆಲು ಮಾಡಿದ್ದೇನೆ. ಇನ್ನು ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಗುಂಡಿ ಹಾಕಿಕೊಳ್ಳಲು ಕೈಗೆ ಕಷ್ಟವಾಗಬಹುದೆಂದು ಟೈಲರಕ್ಕನ ಹತ್ತಿರ ಗುಂಡಿ ತೆಗೆಸಿ, ಒತ್ತಿದರೆ ಅಂಟುವ ಪಟ್ಟಿ ಹೊಲಿಸಿದ್ದೇನೆ.

ಉತ್ತರ ಬರೆಯಲು ಕಷ್ಟಪಡಬೇಡಿ.

ಇಂತಿ,
ಮೂರನೇ ಮಹಡಿಯವಳು

ತಾ.ಕ.: ನಿನ್ನೆ ಲಕೋಟೆ ಅಂಟಿಸಿದ್ದೆ, ಇವತ್ತು ಬಿಚ್ಚಿದೆ. ಅತ್ತೆ ಹೋದ ಐದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ನೀವು ಬಂದಿರಿ. ಬೀಗವನ್ನು ನಾನು ಹಿಂದಿನ ದಿನವೇ ಬದಲಿಸಿದ್ದೆ. ಮನೆಯಲ್ಲಿ ಯಾರೂ ಇಲ್ಲವೆಂದು ನೀವು ತಿಳಿದಿರಬಹುದು. ನಾನಿದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದೆ. ನಿಮ್ಮ ಕೀಲಿಕೈ ಮೂರು ಸಲ ಒಳಗೆ ಬಂತು, ಮೂರು ಸಲವೂ ತಿರುಗಲಿಲ್ಲ. ಎಂಥ ಬೀಗವನ್ನೂ ಬಿಚ್ಚಬಲ್ಲ ನೀವು ಅದನ್ನು ಬಿಚ್ಚಲಿಲ್ಲ. ನನ್ನನ್ನು ಒಂದೇ ಒಂದು ಸಲ ಕರೆದು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಇಳಿದು ಹೋದಿರಿ. ಟೈಲರಕ್ಕ ಸಂತೆಗೆ ಹೋಗಿದ್ದಳು, ಯಾರೂ ನೋಡಲಿಲ್ಲ. ಅವರು ಬರಲೇ ಇಲ್ಲ ಎಂದು ಅವಳಿಗೂ ಇಡೀ ಕಟ್ಟಡಕ್ಕೂ ಹೇಳಿದವಳು ನಾನು. ಈ ಬೆಳಿಗ್ಗೆ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ನನ್ನದೇ ರುಜು ಹಾಕಿ, ನಿಮ್ಮ ಊರಿನ ಮಂಡಳಿಗೊಂದು, ಇಲ್ಲಿನದಕ್ಕೊಂದು ರಿಜಿಸ್ಟರು ಮಾಡಿ ಕಳಿಸಿದ್ದೇನೆ. ಇಲ್ಲಿ ಏನಾಗುತ್ತದೋ ಆಗಲಿ, ಅದರ ಯೋಚನೆ ನಿಮಗೆ ಬೇಡ. ನಿಮ್ಮ ಊರಿನದರ ರಸೀದಿ ಇದಕ್ಕೆ ಪಿನ್ನು ಮಾಡಿದ್ದೇನೆ. ಕೌಂಟರಿನಲ್ಲಿ ಯಾರಾದರೂ ‘ನೀವಾಗೇ ಬಿಟ್ಟು ಬಂದವರಲ್ಲವಾ’ ಎಂದು ತಿರುಗಿಸಿ ಕಳಿಸಿದರೆ ಅದರ ನಂಬರು ತೋರಿಸಿ. ಕೋಣೆ ಕೊಡುವುದಾದರೆ ನೆಲಮಹಡಿಯಲ್ಲೇ ಕೊಡಲಿ ಎಂದು ಬಾಯಿಬಿಟ್ಟು ಕೇಳಿ. ನೀವು ಕೇಳುವವರಲ್ಲ, ಅದಕ್ಕೇ ಹೇಳಿದೆ.