ಸತ್ತ ಅಣ್ಣ ಬ್ಯಾಂಕಿಗೆ ಬಂದ ದಿನ

ಬ್ಯಾಂಕುಗಳಿಂದ ನಗದು ವ್ಯವಹಾರದ ವರದಿ ತರಿಸಿಕೊಳ್ಳುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಅಣ್ಣ ಖುದ್ದಾಗಿ ಹಾಜರಾಗಬೇಕೆಂದು ನೋಟಿಸ್ ಕಳಿಸಿದ್ದೀರಿ. ಅವನು ಬರಲಾರ. ತೀರಿಕೊಂಡು ವರ್ಷವಾಯಿತು. ನಿಮ್ಮ ದಾಖಲೆ ಮಾತ್ರ, ಕಳೆದ ತಿಂಗಳು ಅವನೇ ಬ್ಯಾಂಕಿಗೆ ಬಂದು ಕಂತೆ ಕಂತೆ ನೋಟು ಕಟ್ಟಿ ಹೋದನೆನ್ನುತ್ತದೆ. ಸತ್ತವರು ಬಂದು ಹೋಗುತ್ತಾರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅದಕ್ಕೆ ಸರ್ಕಾರಿ ಮೊಹರು ಬೀಳುವುದನ್ನು ಈಗಷ್ಟೇ ಕಂಡೆ.

ಹಣ ತಂದವಳು ನಾನು. ಅಣ್ಣನ ವರ್ಕ್‌ಶಾಪಿನ ಲೇತ್ ಯಂತ್ರ ಮಾರಿ ಬಂದದ್ದನ್ನು ನಮ್ಮಿಬ್ಬರ ಜಂಟಿ ಖಾತೆಗೆ ಕಟ್ಟಿದೆ. ಅದೇ ದಿನ ಪಕ್ಕದ ಕೌಂಟರಿನಲ್ಲಿ ಅವನ ಮರಣ ಪ್ರಮಾಣಪತ್ರವನ್ನೂ ಕೊಟ್ಟೆ. ಒಂದು ಕೌಂಟರು ಅವನ ಸಾವನ್ನು ಒಪ್ಪಿಕೊಂಡಿತು, ಇನ್ನೊಂದು ಅವನ ಕೈಯಿಂದಲೇ ಹಣ ಪಡೆಯಿತು! ಕೇಳಲು ಹೋದರೆ ಮ್ಯಾನೇಜರು ನಕ್ಕರು. "ನಿಮ್ಮಣ್ಣ ಹಿಂದೆ ಹಣ ಕಟ್ಟಿದಾಗಿನ ಹಳೇ ವರದಿ ತೆಗೆದು ಮೊತ್ತ, ತಾರೀಖು ಬದಲಾಯಿಸ್ತೀವಿ ಮೇಡಂ. ಹಣ ತಂದವರ ಹೆಸರು ಹಾಗೇ ಉಳ್ಕೊಂಡಿದೆ. ಇದೊಂದು ದೊಡ್ಡ ವಿಷಯಾನಾ?"

ದೊಡ್ಡ ವಿಷಯವೇ. ಅಪಘಾತದ ನಂತರ ಅಣ್ಣನನ್ನು ಗುರುತು ಹಿಡಿದವಳು ನಾನೊಬ್ಬಳೇ. ಅಮ್ಮನಿಗೆ ಮುಖ ತೋರಿಸಬೇಡಿ ಎಂದರು ಆಸ್ಪತ್ರೆಯವರು, ತೋರಿಸಲಿಲ್ಲ. ನಿಮ್ಮ ನೋಟಿಸ್ ಸಿಕ್ಕಿದ್ದು ಆ ಅಮ್ಮನ ಕೈಗೆ.

"ಅವನೇ ಬಂದಿದ್ದ ಅಂತ ಬರ್ದಿದಾರಲ್ಲೇ. ಸೊರಗಿದ್ನಂತಾ?"

"ಅಮ್ಮಾ, ಅದು ಬ್ಯಾಂಕಿನವರ ತಪ್ಪು."

"ಅಷ್ಟು ಓದಿದೋರು ತಪ್ಪು ಬರೀತಾರಾ? ನೀನು ಅವತ್ತು ನೋಡಿದ್ದು ಅವನನ್ನೇ ತಾನೇ?"

ಅವಳೀಗ ಬಾಗಿಲಿಗೆ ಚಿಲಕ ಹಾಕಲು ಬಿಡುವುದಿಲ್ಲ. ಅವನ ನೀಲಿ ಅಂಗಿಗೆ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದಾಳೆ, ನಿಮ್ಮ ಮುಂದೆ ಹಾಜರಾಗಲು ಬೇಕಲ್ಲವೇ?

ಕಳ್ಳಹಣ ಹಿಡಿಯುವುದಕ್ಕೆಂದೇ ಈ ವರದಿಗಳಂತೆ. ಎದುರಿಗೆ ನಿಂತಿದ್ದ ನನ್ನ ಮುಖ ನೋಡದವರು ಕಳ್ಳನ ಮುಖ ನೋಡುತ್ತಾರೆಯೇ? ಹಣ ತಂದವರು ಯಾರು, ಯಾರ ಪರವಾಗಿ ತಂದರು ಎಂದು ಒಂದು ಮಾತು ಕೇಳಿ, ಗುರುತಿನ ಚೀಟಿ ನೋಡಿ ಬರೆದರೆ ಯಾರ ಗಂಟು ಹೋಗುತ್ತದೆ? ತಪ್ಪಾಯಿತೆಂದು ತಿಳಿದ ಮೇಲಾದರೂ ತಿದ್ದಿದ ವರದಿ ಕಳಿಸಬಾರದೇ? "ತಿದ್ದಿದ್ರೆ ಮೇಲಿನೋರು ಕಾರಣ ಕೇಳ್ತಾರೆ" ಎಂದರು ಮ್ಯಾನೇಜರು. ಆ ಮೇಲಿನವರು ತಾವೇ. ದಯವಿಟ್ಟು ಕೇಳಿ. ನಕಲು ಮಾಡಿದ ವರದಿಗಳನ್ನು ಇನ್ನು ಮುಂದೆ ತೆಗೆದುಕೊಳ್ಳಬೇಡಿ.

ನಾಚಿಕೆ ಬಿಟ್ಟು ಇನ್ನೊಂದು ಹೇಳುತ್ತೇನೆ. ಮೊನ್ನೆ ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನನ್ನು ನಾನೂ ಕೇಳಿದೆ: "ಅವತ್ತು ನನ್ನ ಜೊತೆ ಯಾರಾದ್ರೂ ಬಂದಿದ್ರಾ?" ಅವನು ಇಲ್ಲವೆಂದ. ಅವನ ಮುಖ ನೋಡುತ್ತಾ ಇನ್ನೊಮ್ಮೆ ಕೇಳಿದೆ. ಅಣ್ಣನನ್ನು ಕಣ್ಣಾರೆ ಕಂಡು ಕಳಿಸಿಕೊಟ್ಟ ನಾನು!

ವರದಿಯನ್ನು ತಿದ್ದಿಸಿ. ಆಮೇಲೆ ಅಮ್ಮನ ಹೆಸರಿಗೆ ಒಂದು ಪತ್ರ ಬರೆಯಿರಿ: ಅಂದು ಬಂದವಳು ನಿಮ್ಮ ಮಗಳು, ಮಗನಲ್ಲ. ಮೊಹರು ಮರೆಯಬೇಡಿ. ನನ್ನ ಮಾತನ್ನು ಅವಳು ನಂಬುತ್ತಿಲ್ಲ, ನಿಮ್ಮದನ್ನು ನಂಬುತ್ತಾಳೆ.

ಇಂತಿ,
ಆ ದಿನ ಬ್ಯಾಂಕಿಗೆ ಬಾರದವಳೆಂದು ನಿಮ್ಮಲ್ಲಿ ದಾಖಲಾಗಿರುವ ತಂಗಿ