ಹದಿನೇಳು ವರ್ಷ ಏನೂ ಮಾಡದ ನನ್ನ ಚಿಕ್ಕಮ್ಮನ ಬಗ್ಗೆ

ಸಣ್ಣ ಉದ್ಯಮಗಳ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಅರ್ಜಿ ನಮೂನೆಯ ಹನ್ನೊಂದನೆಯ ಖಾನೆಯಲ್ಲಿ ನಾನು ನಿಜ ಬರೆದೆ. ಅದರಿಂದ ನನ್ನ ಚಿಕ್ಕಮ್ಮನಿಗೆ ನೋಟಿಸು ಬಂದಿದೆ, ಸಾಲ ತಪ್ಪಿದೆ, ಬರುವ ಶುಕ್ರವಾರದ ಹೊತ್ತಿಗೆ ಅಂಗಡಿಯೂ ತಪ್ಪುವಂತಿದೆ. ತಪ್ಪು ಯಾರದು ಎಂದು ಕೇಳಿದರೆ ನಿಮ್ಮ ಮೂರನೆಯ ಕೌಂಟರಿನವರು ನನ್ನ ಕಡೆ ಬೆರಳು ತೋರಿಸುತ್ತಾರೆ. ಒಪ್ಪಿಕೊಂಡಿದ್ದೇನೆ. ಆದರೆ ಆ ಖಾನೆಯನ್ನು ಅಚ್ಚು ಹಾಕಿಸಿದವರು ನೀವು. ಆದ್ದರಿಂದ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ನಿಮಗೇ ಬರೆಯುತ್ತಿದ್ದೇನೆ.

ಚಿಕ್ಕಮ್ಮ ಜಿಪ್ ರಿಪೇರಿ ಮಾಡುತ್ತಾಳೆ. ಬಸ್ ನಿಲ್ದಾಣದ ಎದುರಿನ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ತಲೆ ಎತ್ತಿದರೆ ಮೆಟ್ಟಿಲು ಬಡಿಯುವಷ್ಟು ಜಾಗದಲ್ಲಿ. ಶಾಲೆಯ ಚೀಲ, ಸೂಟ್‌ಕೇಸು, ಜಾಕೆಟ್ಟು ಏನೇ ಬರಲಿ, ಸಡಿಲವಾದ ರನ್ನರನ್ನು ಇಕ್ಕಳದಲ್ಲಿ ಎರಡೂ ಬದಿ ಒತ್ತಿ, ಮೇಣದಬತ್ತಿಯ ತುಂಡಿನಿಂದ ಹಲ್ಲುಗಳನ್ನು ಸವರಿ, ಮೂರು ಸಲ ಎಳೆದು ನೋಡುತ್ತಾಳೆ. ನಾಲ್ಕನೆಯ ಸಲ ಗಿರಾಕಿಯೇ ಎಳೆಯಬೇಕು. ಅವಳು ಕೊಡುವ ಗ್ಯಾರಂಟಿ ಅಷ್ಟೇ. ಐದನೇ ತರಗತಿಯಿಂದ ಪಿಯುಸಿಯವರೆಗೆ ನನ್ನ ಹಾಸ್ಟೆಲ್ ಫೀಸು ಹುಟ್ಟಿದ್ದು ಈ ಮೆಟ್ಟಿಲ ಕೆಳಗೆ. ನಾನೀಗ ವಾಣಿಜ್ಯ ಪದವಿಯ ಮೊದಲ ವರ್ಷದಲ್ಲಿದ್ದೇನೆ. ‘ಏಕಮಾಲೀಕತ್ವದ ಲಕ್ಷಣಗಳು’ ಎಂಬ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಅಂಕ ತೆಗೆದವಳು.

ಅದೇ ಕಟ್ಟಡದಲ್ಲಿ ಒಂದು ಮಳಿಗೆ ಖಾಲಿಯಾಯಿತು. ಒಂದೇ ಶಟರು, ಒಳಗೆ ಒಂದು ಫ್ಯಾನು. ಚಿಕ್ಕಮ್ಮ ಅದನ್ನು ದಿನಕ್ಕೆ ನಾಲ್ಕು ಸಲ ನೋಡಿ ಬರುತ್ತಿದ್ದಳು. ಕಟ್ಟಡದ ಮಾಲೀಕರು ಖಡಾಖಂಡಿತವಾಗಿ ಹೇಳಿದರು: “ನೋಡಮ್ಮಾ, ನಿನ್ ಮೇಲೆ ನಂಬಿಕೆ ಇದೆ. ಆದ್ರೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಇಲ್ದೆ ಅಗ್ರಿಮೆಂಟ್ ಆಗಲ್ಲ. ತಿಂಗಳ ಕೊನೇ ಶುಕ್ರವಾರದ ತನಕ ಕಾಯ್ತೀನಿ.” ಸರ್ಟಿಫಿಕೇಟು ಸಿಕ್ಕರೆ ವ್ಯಾಪಾರದ ಹೆಸರಲ್ಲಿ ಬ್ಯಾಂಕ್ ಖಾತೆ, ಖಾತೆ ಇದ್ದರೆ ಸಾಲ, ಸಾಲ ಬಂದರೆ ದಪ್ಪ ಕ್ಯಾನ್ವಾಸು ಹೊಲಿಯುವ ಮಷೀನು. ಈ ಸರಪಳಿಯನ್ನು ನಾನು ನಿಮ್ಮ ನಲವತ್ತು ಪುಟದ ಕೈಪಿಡಿಯಲ್ಲಿ ಓದಿ, ನೋಟ್ಸ್ ಮಾಡಿ, ಕೆಳಗೆ ಗೆರೆ ಎಳೆದಿದ್ದೆ. ‘ಎಲ್ಲ ಖಾನೆಗಳನ್ನೂ ಸತ್ಯವಾಗಿ ತುಂಬತಕ್ಕದ್ದು’ ಎಂಬ ಸಾಲಿನ ಕೆಳಗೆ ಎರಡು ಗೆರೆ.

ಅರ್ಜಿ ತುಂಬಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ‘ಸೋಲ್ ಪ್ರೊಪ್ರೈಟರ್’ ಎಂದು ಓದಿದ ಕೂಡಲೇ ಚಿಕ್ಕಮ್ಮ ತಡೆದಳು.

“ಏ, ಸೋಲ್ ಯಾಕೆ ಬರೆದೆ? ನಾನು ಚಪ್ಪಲಿ ಕೆಲ್ಸ ಮಾಡಲ್ಲ.”

“ಸೋಲ್ ಅಂದ್ರೆ ಒಬ್ಳೇ ಅಂತ, ಚಿಕ್ಕಮ್ಮ. ಗೆದ್ರೂ ನಿಂದೇ, ಮುಳುಗಿದ್ರೂ ನಿಂದೇ.”

“ಅಂದ್ರೆ ಸೋಲೂ ನಂದೇ ಅನ್ನು,” ಎಂದು ಚಿಕ್ಕಪ್ಪ ಪೇಪರಿನ ಹಿಂದಿನಿಂದ ಹೇಳಿದರು. ಆಗ ನಾವು ಮೂವರೂ ನಕ್ಕೆವು.

ಹನ್ನೊಂದನೆಯ ಖಾನೆ: ‘ವ್ಯಾಪಾರ ಪ್ರಾರಂಭವಾದ ದಿನಾಂಕ’. ನಾನು ಕೇಳಿದೆ. ಚಿಕ್ಕಪ್ಪ ತಮ್ಮ ಸೈಕಲ್ ಕಳುವಾದ ವರ್ಷ ಎಂದರು. ಚಿಕ್ಕಮ್ಮ ಒಪ್ಪಲಿಲ್ಲ. “ಸೈಕಲ್ ಹೋಗಿದ್ದು ಆಮೇಲೆ ರೀ. ಇವಳಿಗೆ ಆಗ ವರ್ಷ ತುಂಬಿತ್ತು ಅಷ್ಟೇ. ತೊಡೆ ಮೇಲೆ ಹಾಕ್ಕೊಂಡೇ ಮೊದಲ್ನೇ ಬ್ಯಾಗ್ ರಿಪೇರಿ ಮಾಡ್ದೆ. ಶಾಲೆ ಬಾಗ್ಲು ತೆಗೆದ ದಿನ, ಸೋಮವಾರ.” ನಾನು ಹಳೆಯ ಕ್ಯಾಲೆಂಡರನ್ನು ಮೊಬೈಲಿನಲ್ಲಿ ಹುಡುಕಿ ಆ ಸೋಮವಾರವನ್ನು ಹಿಡಿದೆ. ಮೂರು ಸಲ ಲೆಕ್ಕ ಹಾಕಿದೆ, ತಪ್ಪಾದರೆ ಎಂದು ಭಯ. ಆಮೇಲೆ ಕಪ್ಪು ಇಂಕಿನಲ್ಲಿ ಬರೆದೆ. ಹದಿನೇಳು ವರ್ಷ ಹಿಂದಿನ ದಿನಾಂಕ. ಚಿಕ್ಕಮ್ಮ ಅದನ್ನು ಬಹಳ ಹೊತ್ತು ನೋಡಿದಳು. “ಸರ್ಕಾರಿ ಕಾಗದದಲ್ಲಿ ಬಂತಲ್ಲೇ,” ಎಂದಳು.

ಹನ್ನೆರಡು ದಿನಕ್ಕೆ ನಿಮ್ಮ ಉತ್ತರ ಬಂತು. ಹದಿನೇಳು ವರ್ಷ ನೋಂದಣಿಯಿಲ್ಲದೆ ವ್ಯಾಪಾರ ನಡೆಸಿದ್ದೇಕೆ ಎಂದು ಕಾರಣ ಕೇಳಿ, ವರ್ಷವಾರು ಆದಾಯದ ವಿವರ ಕೇಳಿ, ವಿಳಂಬ ಶುಲ್ಕವನ್ನು ನಂತರ ತಿಳಿಸಲಾಗುವುದು ಎಂದು ಭರವಸೆ ಕೊಟ್ಟಿದ್ದೀರಿ. ಬ್ಯಾಂಕಿನವರು ಅದನ್ನು ನೋಡಿ, ಈ ಸಾಲ ಹೊಸ ಉದ್ಯಮಗಳಿಗೆ ಮಾತ್ರ ಎಂದರು. ಹಳೆಯದಕ್ಕೆ ಇನ್ನೊಂದು ಯೋಜನೆ ಇದೆಯಂತೆ. ಅದಕ್ಕೆ ಮೂರು ವರ್ಷದ ತೆರಿಗೆ ಪತ್ರಗಳು ಬೇಕು. ಮೆಟ್ಟಿಲ ಕೆಳಗೆ ಅಷ್ಟು ಕಾಗದ ಹುಟ್ಟಲಿಲ್ಲ, ಮಾನ್ಯರೇ. ಹಾಗಾಗಿ ನನ್ನ ಚಿಕ್ಕಮ್ಮ ಹೊಸಬಳೂ ಅಲ್ಲ, ಹಳಬಳೂ ಅಲ್ಲ. ಅವಳು ಯಾವ ಖಾನೆಗೆ ಸೇರಿದವಳು? ನಿಮಗೆ ತಿಳಿದಿದ್ದರೆ ದಯವಿಟ್ಟು ನಮಗೂ ತಿಳಿಸಬೇಕು.

ಮೂರನೆಯ ಕೌಂಟರಿಗೆ ಹೋದೆವು. ಅಲ್ಲಿನವರು ಕೆಟ್ಟವರಲ್ಲ. ಚಿಕ್ಕಮ್ಮನಿಗೆ ಕುರ್ಚಿ ಕೊಟ್ಟರು, ಅರ್ಜಿ ನೋಡಿದರು, ಕನ್ನಡಕ ತೆಗೆದರು.

“ಯಾರ್ರೀ ಇದು ಹಳೇ ಡೇಟ್ ಹಾಕಿದ್ದು?”

“ನಾನು ಸರ್,” ಎಂದೆ.

“ಇವತ್ತಿನ ಡೇಟ್ ಹಾಕ್ಬೇಕಮ್ಮಾ. ಎಲ್ರೂ ಅದನ್ನೇ ಹಾಕೋದು.”

“ಆದ್ರೆ ಸರ್, ಅದು ಸುಳ್ಳಲ್ವಾ?”

“ಸುಳ್ಳಲ್ಲ, ಪದ್ಧತಿ. ಕಾಲೇಜಲ್ಲಿ ಇದನ್ನೆಲ್ಲ ಹೇಳ್ಕೊಡಲ್ವಾ?”

ಇಲ್ಲ, ಹೇಳಿಕೊಡಲಿಲ್ಲ. ಏಕಮಾಲೀಕತ್ವದ ಆರು ಲಕ್ಷಣಗಳಲ್ಲಿ ಇದು ಇಲ್ಲ. ಹೋದ ಒಂದು ಅಂಕ ಇದಕ್ಕೇ ಇರಬೇಕು.

ತಿದ್ದಲು ದಾರಿ ಇದೆ, ಇದನ್ನು ಕೊಟ್ಟ ದಿನವೇ ಸರ್ಟಿಫಿಕೇಟು ಸಿಗುತ್ತದೆ ಎಂದು ಅವರೇ ಹೇಳಿ, ಡ್ರಾಯರಿನಿಂದ ಅಚ್ಚಾದ ಘೋಷಣಾಪತ್ರ ತೆಗೆದುಕೊಟ್ಟರು. ನೀವೇ ಮಾಡಿಸಿದ್ದಾದರೂ ಒಮ್ಮೆ ಓದಿಕೊಳ್ಳಿ: ‘ಈ ದಿನಾಂಕಕ್ಕೆ ಮೊದಲು ನಾನು ಯಾವುದೇ ವ್ಯಾಪಾರ, ವೃತ್ತಿ ಅಥವಾ ಆದಾಯ ತರುವ ಕೆಲಸ ಮಾಡಿರುವುದಿಲ್ಲ.’ ಕೆಳಗೆ ಅರ್ಜಿದಾರರ ಸಹಿ. ಅದರ ಕೆಳಗೆ ಸಾಕ್ಷಿಯ ಸಹಿ: ‘ಅರ್ಜಿದಾರರನ್ನು ನಾನು ಹತ್ತಿರದಿಂದ ಬಲ್ಲೆ. ಮೇಲಿನದು ನನಗೆ ತಿಳಿದಂತೆ ಸತ್ಯ.’

“ಸಾಕ್ಷಿಗೆ ಗಂಡ ಆಗಲ್ಲ. ಇವಳೇ ಹಾಕ್ಲಿ. ಹದಿನೆಂಟು ಆಗಿದ್ಯಲ್ಲ, ಓದಿದಾಳೆ ಬೇರೆ.”

ನನಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಸಾಮಾನ್ಯವಾಗಿ ನನಗೆ ಎಲ್ಲದಕ್ಕೂ ಭಯವಾಗುತ್ತದೆ, ಹಾಜರಿ ಕೂಗುವಾಗಲೂ. ಅವತ್ತು ಅದೂ ಇರಲಿಲ್ಲ. ಕಾಗದವನ್ನು ಮಡಿಸಿ ಫೈಲಿಗೆ ಹಾಕಿದೆ. ಹೊರಗೆ ಬಿಸಿಲಿತ್ತು. ಬಸ್ಸು ಹತ್ತಿದೆವು. ಅಂದಿನಿಂದ ಹೀಗೇ ಇದೆ. ತರಗತಿಗೆ ಹೋಗುತ್ತೇನೆ, ಬರೆದುಕೊಳ್ಳುತ್ತೇನೆ, ಏನು ಬರೆದುಕೊಂಡೆ ಎಂದು ಗೊತ್ತಿರುವುದಿಲ್ಲ.

ಚಿಕ್ಕಮ್ಮ ಬಸ್ಸಿನಲ್ಲೇ ಸಹಿ ಹಾಕಿದಳು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು. ನಾನು ಓದಿ ಹೇಳುತ್ತೇನೆ ಎಂದರೆ ಬೇಡ ಎಂದಳು.

“ಮಾಡಿಲ್ಲ ಅಂದ್ರೆ ಮಾಡಿಲ್ಲ ಬಿಡು. ಅವರಿಗೆ ಅದೇ ಬೇಕಂತೆ, ಕೊಟ್ರಾಯ್ತು. ಅಂಗಡಿ ಮುಖ್ಯ.”

ಎರಡು ಸ್ಟಾಪು ದಾಟಿದ ಮೇಲೆ ಕೇಳಿದಳು: “ಅಲ್ವೇ, ನಿನ್ನ ಹಾಸ್ಟೆಲ್ ಫೀಸು ಮತ್ಯಾರು ಕಟ್ಟಿದ್ದು ಅಂತ ಕೇಳಿದ್ರೆ ಏನಂತೀಯ?” ಕೇಳಿ ತಾನೇ ನಕ್ಕಳು. ಅವಳ ಹೆಬ್ಬೆರಳಿನ ಪಕ್ಕ ಇಕ್ಕಳ ಕೂತು ಕೂತು ಗಟ್ಟಿಯಾದ ಚರ್ಮ ಇದೆ. ಅದನ್ನು ಯಾವ ದಿನಾಂಕದ ಕೆಳಗೆ ಸೇರಿಸೋಣ? ಅದೂ ಇವತ್ತೇ ಪ್ರಾರಂಭವಾಯಿತು ಎಂದು ಬರೆಯೋಣವೇ?

ಮಾನ್ಯರೇ, ತೆರಿಗೆ ಕಟ್ಟಲು ನಮ್ಮ ತಕರಾರಿಲ್ಲ. ಇಂದಿನಿಂದ ಎಷ್ಟು ಬರುತ್ತದೋ ಅಷ್ಟನ್ನು ನಾನೇ ಕೂತು ಲೆಕ್ಕ ಹಾಕಿ ಕಟ್ಟಿಸುತ್ತೇನೆ. ನಿಮ್ಮ ಕಾನೂನು ಬೇಡವೆಂದೂ ಹೇಳುತ್ತಿಲ್ಲ. ಒಬ್ಬಳು ತಾನಾಗಿ ನಿಮ್ಮ ಬಾಗಿಲಿಗೆ ಬಂದು, ಇಷ್ಟು ದಿನ ಹೀಗೆ ದುಡಿದೆ, ಇನ್ನು ಮುಂದೆ ಕ್ರಮವಾಗಿ ದುಡಿಯುತ್ತೇನೆ ಎಂದಾಗ, ಅವಳಿಗೆ ನಿಮ್ಮಲ್ಲಿ ಇರುವುದು ಎರಡೇ ಕಾಗದವೇ? ಒಂದು ಅವಳನ್ನು ಅಪರಾಧಿ ಎನ್ನುತ್ತದೆ, ಇನ್ನೊಂದು ಸೋಮಾರಿ ಎನ್ನುತ್ತದೆ. ಮೂರನೆಯದೊಂದನ್ನು ಅಚ್ಚು ಹಾಕಿಸಲು ಎಷ್ಟು ಶಾಯಿ ಬೇಕು?

ನನ್ನ ಬೇಡಿಕೆ ಇಷ್ಟೇ. ಅವಳ ದಿನಾಂಕವನ್ನು ಇದ್ದ ಹಾಗೇ ಇಟ್ಟು, ಇಂದಿನಿಂದ ನೋಂದಣಿ ಕೊಡಿ. ಆಗದಿದ್ದರೆ, ಹನ್ನೊಂದನೆಯ ಖಾನೆಯಲ್ಲಿ ಸುಳ್ಳು ಬರೆಯತಕ್ಕದ್ದು ಎಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿ. ನನ್ನಂಥವರು ಅದಕ್ಕೂ ಗೆರೆ ಎಳೆದುಕೊಳ್ಳುತ್ತೇವೆ.

ಶುಕ್ರವಾರ ನಾಲ್ಕು ಗಂಟೆಗೆ ನಿಮ್ಮ ಕೌಂಟರು ಮುಚ್ಚುತ್ತದೆ. ಅಷ್ಟರೊಳಗೆ ನಿಮ್ಮಿಂದ ಮಾತು ಬರದಿದ್ದರೆ, ಮೂರೂವರೆಗೆ ನಾನು ಸಾಕ್ಷಿಯ ಸಹಿ ಹಾಕುತ್ತೇನೆ. ಅವಳಿಗೆ ಅಂಗಡಿ ಬೇಕು. ಆಮೇಲೆ ನಿಮ್ಮ ದಾಖಲೆಯ ಪ್ರಕಾರ ನನ್ನನ್ನು ಯಾರೂ ಸಾಕಿರುವುದಿಲ್ಲ.

ಇಂತಿ,
ಅರ್ಜಿದಾರಳನ್ನು ಹತ್ತಿರದಿಂದ ಬಲ್ಲ,
ಅವಳ ಅಕ್ಕನ ಮಗಳು