ಒಳಗೆ ಬಂದ ಹೀಟರ್

ಸುವಾಲ್ಕಿ, ಫೆಬ್ರವರಿ 18

ಹಿಯೆರೊನಿಮ್,

ಎದ್ದು ಕೂತು ಓದುವಷ್ಟು ಚೇತರಿಸಿಕೊಂಡಿದ್ದೀಯೆಂದು ಆಸ್ಪತ್ರೆಯ ನರ್ಸ್ ಹೇಳಿದಳು, ಅದಕ್ಕೇ ಬರೆಯುತ್ತಿದ್ದೇನೆ. ಏಳು ವರ್ಷದಿಂದ ನಮ್ಮ ಮನೆ ಎರಡು, ವಿಮಾನ ನಿಲ್ಲಿಸುವ ಹ್ಯಾಂಗರ್ ಮಾತ್ರ ಒಂದೇ. ಹ್ಯಾಂಗರ್ ನನ್ನದು, ವಿಮಾನ ರಿಪೇರಿ ನಿನ್ನದು. ಗಂಡಹೆಂಡಿರಾಗಿ ಇದಕ್ಕಿಂತ ಚೆನ್ನಾಗಿ ನಾವು ಯಾವತ್ತೂ ಬಾಳಿರಲಿಲ್ಲ.

ನಿನ್ನ ತಮ್ಮ ವಾಲೆಂಟಿಯನ್ನು ನಿನ್ನೆ ಮಣ್ಣು ಮಾಡಿದೆವು. ನೆಲ ಕಲ್ಲಾಗಿತ್ತು, ಇದ್ದಿಲು ಉರಿಸಿ ಕಾಯಿಸಿದ ಮೇಲೇ ಗುದ್ದಲಿ ಇಳಿಯಿತು. ನಿನ್ನ ಅಮ್ಮ ಅಲ್ಲೇ ನನ್ನ ತೋಳು ಹಿಡಿದು, "ಹೇಳೇ, ಆ ಹೀಟರನ್ನ ಒಳಗೆ ತಂದೋರು ಯಾರು?" ಎಂದರು. ನಾನು ಕಣ್ಣೊರೆಸಿಕೊಂಡೆ, ಅಷ್ಟೇ. ಆಮೇಲೆ ಅವರು ನಿನ್ನ ಹೆಸರೆತ್ತಿಲ್ಲ.

ಆ ಬೆಳಿಗ್ಗೆ ಮೈನಸ್ ಹತ್ತೊಂಬತ್ತು. ಶನಿವಾರಕ್ಕೆ ಆ ಎಂಜಿನ್ನಿಲ್ಲದ ವಿಮಾನ, ಗ್ಲೈಡರ್, ಒಪ್ಪಿಸಬೇಕು, ರೆಕ್ಕೆಗೆ ಬಟ್ಟೆ ಹೊಲಿಯುವುದು ಅರ್ಧ ಬಾಕಿ, ಮರಗಟ್ಟಿದ ಬೆರಳಲ್ಲಿ ಸೂಜಿ ನಿಲ್ಲದು. ನಿನ್ನ ಪದ್ಧತಿ ನನಗೆ ಬಾಯಿಪಾಠ. ಡೀಸೆಲ್ ಹೀಟರ್ ಹೊರಗೆ ಹಿಮದಲ್ಲೇ ನಿಲ್ಲಬೇಕು, ಅದರ ಹೊಗೆ ಅಲ್ಲೇ ಹೋಗಬೇಕು, ಬಿಸಿಗಾಳಿಯಷ್ಟೇ ಹತ್ತು ಮೀಟರ್ ಕೊಳವೆಯಲ್ಲಿ ಒಳಗೆ ಬರಬೇಕು. ನಾನು ಅಳೆದಿದ್ದೆ: ಹೀಟರಿನ ಬಾಯಲ್ಲಿ ಅರವತ್ತು ಡಿಗ್ರಿ, ಕೊಳವೆಯ ತುದಿಯಲ್ಲಿ ಇಪ್ಪತ್ತೆರಡು. "ಮೂವತ್ತೆಂಟು ಡಿಗ್ರಿ ಹಿಮಕ್ಕೆ ದಾನ ಮಾಡ್ತಿದ್ದೀಯಲ್ಲ, ನೀನೇನು ಸಂತನಾ?" ಎಂದೆ. "ಬಿಸಿ ಕೊಳ್ಳಬಹುದು ಕಣೇ, ಉಸಿರು ಕೊಳ್ಳೋಕಾಗಲ್ಲ" ಎಂದೆ ನೀನು. ವಾಲೆಂಟಿ ನಕ್ಕ: "ಅತ್ತಿಗೆ, ನೀವಿಬ್ರೂ ಹೀಗೇ ಜಗಳ ಆಡ್ತಿರಿ, ಆ ಬಿಸೀಲೇ ನಾನು ಹೊಲಿದು ಮುಗಿಸ್ತೀನಿ."

ಆಮೇಲೆ ಹೀಟರ್ ಒಳಗೆ ಬಂತು. ಬಾಗಿಲು ಮುಚ್ಚಿತು. ಬಾಗಿಲ ಸಂದಿಗೆ ಕಂಬಳಿ ಬಿತ್ತು. ಮಧ್ಯಾಹ್ನ ನಾನು ಬಂದು ನೋಡಿದಾಗ ವಾಲೆಂಟಿ ರೆಕ್ಕೆಯ ಕೆಳಗಿದ್ದ. ನೀನು ಅವನ ಎರಡೂ ಕಂಕುಳಿಗೆ ಕೈ ಹಾಕಿ ಹಿಡಿದಂತೆಯೇ ಬಿದ್ದಿದ್ದೆ.

ನಡೆದದ್ದು ಇಷ್ಟು: ತಮ್ಮ ನಡುಗುವುದನ್ನು ನೋಡಲಾರದೆ ನೀನೇ ಅದನ್ನು ಒಳಗೆಳೆದೆ. ಗೇಟು ಕಾಯುವ ಮುದುಕ, "ಹಿಯೆರೊನಿಮ್ ದಾರ ತರೋಕೆ ಪೇಟೆಗೆ ಹೋಗಿದ್ದ, ವಾಪಸ್ ಬಂದೋನೇ ಒಳಗೆ ಓಡಿದ" ಎನ್ನುತ್ತಾನೆ. ಬೆಳಿಗ್ಗೆ ಎಂಟಕ್ಕೇ ಬಾಟಲಿ ತೆರೆಯುವವನ ಮಾತು ಯಾರಿಗೆ ಬೇಕು?

ಗುರುವಾರ ತನಿಖೆಯವರು ನಿನ್ನ ಹಾಸಿಗೆಯ ಬಳಿ ಬರುತ್ತಾರೆ. ಇದರ ಜೊತೆಗಿರುವ ಹೇಳಿಕೆಗೆ ಸಹಿ ಹಾಕಿ ಅವರಿಗೆ ಕೊಡು. ತಮ್ಮನನ್ನು ಕಳೆದುಕೊಂಡವನಿಗೆ ಕೋರ್ಟು ಕರುಣೆ ತೋರುತ್ತದೆ. ಹ್ಯಾಂಗರಿನ ಒಡತಿಗೆ ತೋರುವುದಿಲ್ಲ, ಅವಳಿಗೆ ಜೈಲೇ. "ನಿಜಕ್ಕೂ ನಾನೇ ಎಳೆದೆನಾ?" ಎಂದು ನೀನು ಕೇಳಬಹುದು. ನೆನಪಿಲ್ಲದವನಿಗೆ ಅದೊಂದು ಪ್ರಶ್ನೆ. ನೆನಪಿರುವವಳಿಗೆ ಅಲ್ಲ.

ಬೆಚ್ಚಗಿರು.

ಕಾಗದದ ಮಟ್ಟಿಗೆ ಇನ್ನೂ ನಿನ್ನ ಹೆಂಡತಿ,
ಲೆಯೊಕಾಡಿಯಾ

ಮತ್ತೊಂದು ಮಾತು: ವಿಷಗಾಳಿ ಕುಡಿದವರಿಗೆ ಆ ದಿನದ ನೆನಪು ಮರಳುವುದಿಲ್ಲವಂತೆ, ಡಾಕ್ಟರ್ ಹೇಳಿದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಮರಳುತ್ತದೆ ಎಂದಿದ್ದರೆ ಈ ಕಾಗದವನ್ನು ಬೇರೆ ಥರ ಬರೆಯಬೇಕಾಗುತ್ತಿತ್ತು.